ಇಳಕಲ್ಲಿಗೆ ಹೋದ ತಂಬಿಗೆ

ನಮ್ಮ ಮನೆಯ ಪಾತ್ರೆಗಳಿಗೆಲ್ಲ ಒಂದೊಂದು ಊರಿತ್ತು. ಚಹಾಪುಡಿಯ ಡಬ್ಬಿ ಶಿರೂರಿನದು. ಹಿಟ್ಟು ನಾದುವ ಪರಾತ ಕಮತಗಿಯದು. ಅಕ್ಕಿ ತೊಳೆಯುವ ಹಿತ್ತಾಳೆ ಬೋಗುಣಿ ಐಹೊಳೆಯದು. ಇವು ನಾವು ಆ ಊರುಗಳಿಗೆ ಹೋಗಿ ಕೊಂಡು ತಂದವಲ್ಲ. ಬಾಗಲಕೋಟೆಯ ಹಳೇ ಪೇಟೆಯ ಗುಜರಿ ಅಂಗಡಿಯಲ್ಲಿ ನನ್ನ ಹೆಂಡತಿ ಒಂದೊಂದಾಗಿ ಆರಿಸಿ ತಂದವು. ನಮ್ಮ ಕಡೆ ಮದುವೆ, ಜವಳ, ವಾಸ್ತುಶಾಂತಿ ಏನೇ ಇರಲಿ, ಕೊಡುವ ಪಾತ್ರೆಯ ಮೇಲೆ ಹೆಸರು, ಊರು ಕೆತ್ತಿಸಿ ಕೊಡುವುದು ರೂಢಿ. ಗುಜರಿಯಲ್ಲಿ ಪಾತ್ರೆ ಕೈಗೆತ್ತಿಕೊಂಡರೆ ಬೇರೆಯವರು ಮೊದಲು ತೂತಿದೆಯೇ ಎಂದು ನೋಡುತ್ತಾರೆ. ಆಕೆ ನೋಡುತ್ತಿದ್ದುದು ಹೆಸರನ್ನು. ಹೆಸರಿಲ್ಲದ್ದನ್ನು ಎಷ್ಟೇ ಚೆಂದವಿದ್ದರೂ ಇದ್ದಲ್ಲೇ ಇಟ್ಟುಬಿಡುತ್ತಿದ್ದಳು.

“ಏನ್ರಿ, ಆ ಶಿರೂರವ್ವನ್ನ ಇತ್ತ ಕೊಡ್ರಿ” ಎಂದರೆ ನಾನು ಚಹಾಪುಡಿಯ ಡಬ್ಬಿ ಎತ್ತಿಕೊಡಬೇಕು. ಹೊಸದಾಗಿ ಬಂದ ಬೀಗರು, ಒಳಗೆ ಯಾರೋ ಮುದುಕಿ ಇದ್ದಾಳೆಂದು ಬಾಗಿಲತ್ತ ಇಣುಕುತ್ತಿದ್ದರು. ಐಹೊಳೆಯ ಬೋಗುಣಿ ಒಂದು ಮಗ್ಗುಲು ನೆಗ್ಗಿತ್ತು. “ಇದನ್ನ ಸೊಸಿ ಸಿಟ್ಟಿನ್ಯಾಗ ಒಗದಾಳ. ಅತ್ತಿ ಬಗ್ಗಿದ್ಲು, ಗ್ವಾಡಿಗೆ ಬಡೀತು” ಎಂದು ಆಕೆಯ ತೀರ್ಮಾನ. ಶಿರೂರವ್ವನ ಡಬ್ಬಿಯ ಮೇಲೆ ವಾಸ್ತುಶಾಂತಿಯ ಸವಿನೆನಪಿಗೆ ಎಂದು ಬರೆದಿತ್ತು. ಸವಿನೆನಪು ಗುಜರಿಗೆ ಯಾಕೆ ಬಂತು ಎಂಬುದಕ್ಕೆ ವಾರಕ್ಕೊಂದು ಹೊಸ ಕಥೆ ಕಟ್ಟುತ್ತಿದ್ದಳು.

ನಾನು ಬಾಗಲಕೋಟೆ–ಇಳಕಲ್ ಬಸ್ಸಿನ ಕಂಡಕ್ಟರ್ ಆಗಿದ್ದವನು. ದಿನವಿಡೀ ‘ಮುಂದ ಸರೀರಿ’ ಎಂದು ಒದರಿ ಒದರಿ, ಮನೆಯಲ್ಲೂ ಒದರುವುದೇ ಮಾತು ಎಂದು ತಿಳಿದಿದ್ದೆ. “ಕಂಡವರು ಉಂಡು ಬಿಟ್ಟ ಭಾಂಡೆ ನಮಗ್ಯಾಕ? ನಾವೇನು ಗತಿಗೆಟ್ಟೇವೇನು?” ಎಂದು ರೇಗುತ್ತಿದ್ದೆ. ಆಕೆ ರೇಗುತ್ತಿರಲಿಲ್ಲ. “ಹೊಸಾದು ಕೈಗೆ ಚುಚ್ಚತೈತ್ರಿ. ಇದನ್ನ ಇನ್ನೊಬ್ಬಾಕಿ ತಿಕ್ಕಿ ತಿಕ್ಕಿ ಮೆತ್ತಗ ಮಾಡಿಟ್ಟಾಳ” ಎಂದು ನನ್ನ ಕೈಹಿಡಿದು ಆ ಪರಾತದ ಅಂಚಿನ ಮೇಲೆ ಎಳೆಯುತ್ತಿದ್ದಳು. ಖರೆ ಹೇಳಬೇಕೆಂದರೆ ಅದು ಮೆತ್ತಗೇ ಇತ್ತು. ಒಪ್ಪಿಕೊಂಡರೆ ಎಲ್ಲಿ ಸಣ್ಣವನಾಗುತ್ತೇನೋ ಎಂದು ಬಾಯಿ ಬಿಡಲಿಲ್ಲ.

ರವಿವಾರ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಸಾಮಾನೆಲ್ಲ ತಿಕ್ಕಿ, ಅಂಗಳದಲ್ಲಿದ್ದ ಹಗ್ಗದ ಹೊರಸಿನ ಮೇಲೆ ಬೋರಲು ಹಾಕುತ್ತಿದ್ದಳು. ಬಿಸಿಲು ಅದರ ಮೇಲೆ ಬಿದ್ದು ಪಡಸಾಲೆಯ ಗೋಡೆಯಲ್ಲೆಲ್ಲ ಹಳದಿ ಬೆಳಕು ಆಡುತ್ತಿತ್ತು. ನಾವಿಬ್ಬರೂ ಹೊಸ್ತಿಲ ಮೇಲೆ ಕೂತು ಚುರಮುರಿ ತಿಂದು ಚಹಾ ಕುಡಿಯುತ್ತಿದ್ದೆವು. ಆಕೆಗೆ ಅಷ್ಟು ಸಾಕಾಗಿತ್ತು. ಈಗ ಯೋಚಿಸಿದರೆ ನನಗೂ ಅಷ್ಟೇ ಬೇಕಾಗಿದ್ದದ್ದು. ಅದನ್ನು ಆಕೆಗೆ ಒಂದು ದಿನವೂ ಹೇಳಲಿಲ್ಲ ಎಂಬುದು ಈಗ ಎದೆಯಲ್ಲಿ ಕೂತಿದೆ.

ಒಮ್ಮೆ ಗುಜರಿಯಲ್ಲಿ ಒಂದು ತಾಮ್ರದ ತಟ್ಟೆ ಸಿಕ್ಕಿತು. ಹುನಗುಂದದ ಆಚೆಯ ಒಂದು ಹಳ್ಳಿಯ ಬೀರಪ್ಪನ ಗುಡಿಗೆ ಯಾರೋ ಕಾಣಿಕೆ ಕೊಟ್ಟದ್ದೆಂದು ಅದರ ಮೇಲಿತ್ತು. ಆಕೆ ಅದನ್ನು ಅಡಿಗೆಮನೆಯೊಳಗೆ ಒಯ್ಯಲೇ ಇಲ್ಲ. ಮರುದಿನ ನನ್ನ ಚೀಲದಲ್ಲಿ ಇಟ್ಟು, “ಯಾರ ಹೆಸರಿನ್ಯಾಗ ಐತಿ ಅವರಿಗೆ ಮುಟ್ಟಬೇಕು. ಪೂಜಾರಿ ಕೈಯಾಗ ಕೊಟ್ಟು ಬರ್ರಿ” ಎಂದಳು. ನಾನು ಗೊಣಗುತ್ತಲೇ ಹುನಗುಂದದಲ್ಲಿ ಆ ಹಳ್ಳಿಯವರೊಬ್ಬರನ್ನು ಹುಡುಕಿ ತಲುಪಿಸಿದೆ. ಆಕೆ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವವಳು. ಅಂದು ಆ ದೀಪದ ಬೆಳಕು ನನ್ನ ಕಡೆಗೂ ಬಿದ್ದಿತ್ತೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಓದಲು ಚೆಂದ. ಆದರೆ ಆಕೆ ಬೇರೆ ಹೆಂಗಸರ ಹೆಸರು ಓದಲು ಶುರುಮಾಡಿದ್ದು ಯಾಕೆ ಎಂಬುದನ್ನು ಮುಚ್ಚಿಟ್ಟರೆ ಇದೆಲ್ಲ ಸುಳ್ಳಾಗುತ್ತದೆ.

ಆಕೆಯ ತವರು ಬಾದಾಮಿಯ ಹತ್ತಿರ, ಮಹಾಕೂಟದ ದಾರಿಯಲ್ಲಿ. ತಂದೆ ಬೇಗ ತೀರಿಕೊಂಡಿದ್ದರು. ಆಕೆಯ ಅವ್ವ ಕಂಡವರ ಹೊಲದಲ್ಲಿ ದುಡಿದು, ಮಗಳು ಸಣ್ಣವಳಿದ್ದಾಗಿನಿಂದ ಒಂದೊಂದೇ ಹಿತ್ತಾಳೆ ಸಾಮಾನು ಕೂಡಿಸಿ ಮದುವೆಯ ಹೊತ್ತಿಗೆ ಐದು ಮಾಡಿದ್ದರು. ಒಂದು ಕೊಡ, ಒಂದು ಪರಾತ, ಎರಡು ಬೋಗುಣಿ, ಒಂದು ತಂಬಿಗೆ. ಐದರ ಮೇಲೂ ಮಗಳ ಹೆಸರು. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು. ಅವರವ್ವನಿಗೆ ಓದಲು ಬರುತ್ತಿರಲಿಲ್ಲ. ಬೆರಳಾಡಿಸಿ, “ಇಲ್ಲೈತಿ ನೋಡ್ರಿ ನನ್ನ ಮಗಳ ಹೆಸರು” ಎಂದು ನನಗೆ ತೋರಿಸಿದ್ದರು.

ಮರುವರ್ಷ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಳು. ಅದೇ ಹೊತ್ತಿಗೆ ನನ್ನ ತಂಗಿಗೆ ಇಳಕಲ್ಲಿನ ಸಂಬಂಧ ಕೂಡಿಬಂತು. ಗಂಡಿನವರಿಗೆ ಅವಸರ. ನಮ್ಮವ್ವ ಪಾತ್ರೆ ಜೋಡಿಸಿಟ್ಟ ನೆಲುವಿನ ಕಡೆ ಕೈಮಾಡಿ, “ಸೊಸಿ ಭಾಂಡೆ ಅದಾವಲ್ಲ. ಮನಿ ಸಾಮಾನು ಮನಿ ಮಗಳಿಗೆ. ಹೊಸಾವು ಯಾಕ ಬೇಕು?” ಎಂದಳು.

“ಆಕಿನ್ನ ಒಂದ ಮಾತು ಕೇಳಬೇಕಲ್ಲವ್ವಾ?” ಎಂದೆ.

“ಗಂಡಸಿಗ್ಯಾಕ ಗೌರಿ ದುಃಖ? ನೀ ಸುಮ್ನ ಒಯ್ದು ಹೆಸರು ತೆಗಿಸ್ಕೊಂಡು ಬಾ.”

ನಾನು ಸುಮ್ಮನೆ ಒಯ್ದೆ. ತಪ್ಪನ್ನು ಅವ್ವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು, ಬಹಳ ವರ್ಷ ಹಾಗೇ ಮಾಡಿದೆ ಕೂಡ. ಆದರೆ ಐದೂ ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತವನು ನಾನು. ಪೇಟೆಯಲ್ಲಿ ಹೆಸರು ಹಾಕುವ ಮುದುಕ ತಂಬಿಗೆಯನ್ನು ತಿರುವಿ, ಹೆಸರನ್ನು ಗಟ್ಟಿಯಾಗಿ ಓದಿ, “ಯಾರ್ರಿ ಈಕಿ? ತೀರಿಕೊಂಡ್ರೇನು?” ಎಂದು ಕೇಳಿದ.

“ಯಾರೂ ಅಲ್ಲ. ನೀ ತಿಕ್ಕು” ಎಂದೆ.

ಆತ ಕಾನಸು ಎಂಬ ಅರ ತೆಗೆದುಕೊಂಡು ತಿಕ್ಕಿದ. ಹಳದಿ ಪುಡಿ ಆತನ ತೊಡೆಯ ಮೇಲೆ ಉದುರಿತು. ಅಲ್ಲಿ ನನ್ನ ತಂಗಿಯ ಹೆಸರು ಬಂತು. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ಆಕೆಯದನ್ನು ಅಳಿಸಿದ ಮೇಲೆ ಬೇರೆಯವರದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಐದು ತಿಂಗಳಾದ ಮೇಲೆ ಆಕೆ ಕೂಸನ್ನು ಎತ್ತಿಕೊಂಡು ಬಂದಳು. ಕಾಲು ತೊಳೆದು ಒಳಗೆ ಹೋದವಳು ನೆಲುವಿನ ಮುಂದೆ ನಿಂತಳು. “ಅತ್ತೀ, ನನ್ನ ಭಾಂಡೆ ಎಲ್ಲದಾವ್ರಿ?” ಎಂದಳು. ಅವ್ವ ಹೇಳಿದಳು. ಆಕೆ ನನ್ನ ಕಡೆ ತಿರುಗಿದಳು. ನಾನು ಕೂಸಿನ ಕೈಗೆ ಬೆರಳು ಕೊಟ್ಟು ಆಡಿಸುವವನಂತೆ ತಲೆ ತಗ್ಗಿಸಿದೆ. ಆಕೆ ಕೂಸನ್ನು ಮಲಗಿಸಿ ರೊಟ್ಟಿ ಬಡಿಯಲು ಕೂತಳು. ಅಂದು ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿಸಿತು. ಅದು ಬಿಟ್ಟರೆ ಆ ವಿಷಯದಲ್ಲಿ ಆಕೆ ಮಾತಾಡಿದ್ದಿಲ್ಲ. ಗುಜರಿ ಅಂಗಡಿಗೆ ಹೋಗಲು ಶುರುಮಾಡಿದ್ದು ಆ ವರ್ಷ.

ಹಬ್ಬಕ್ಕೆ ಇಳಕಲ್ಲಿಗೆ ಹೋದಾಗಲೆಲ್ಲ ತಂಗಿ ನೀರು ಕೊಡುತ್ತಿದ್ದದ್ದು ಅದೇ ತಂಬಿಗೆಯಲ್ಲಿ. ಹೆಂಡತಿ ಎತ್ತಿ ಕುಡಿದು, ತಾನೇ ಬಚ್ಚಲಿಗೆ ಒಯ್ದು ತೊಳೆದು, ಸೆರಗಿನಿಂದ ಒರೆಸಿ ನೆಲುವಿನ ಮೇಲೆ ಇಡುತ್ತಿದ್ದಳು. ತಂಗಿ “ಬ್ಯಾಡ್ರಿ ವೈನಿ” ಎಂದರೂ ಬಿಡುತ್ತಿರಲಿಲ್ಲ. ಅತ್ತಿಗೆ ನಾದಿನಿ ಎಂದರೆ ಹೀಗಿರಬೇಕು ಎಂದು ನಾನು ಬಸ್ಸಿನಲ್ಲಿ ಡ್ರೈವರನ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಮಗಳ ಮದುವೆಗೆ ಹೊಸ ಪಾತ್ರೆ ತಂದೆವು. ಹೆಸರು ಹಾಕಿಸಲು ನಾನು ಹೊರಟರೆ ಆಕೆ ಚೀಲ ಹಿಡಿದು ನಿಲ್ಲಿಸಿದಳು.

“ಹೆಸರು ಬ್ಯಾಡ್ರಿ.”

“ಯಾಕ? ಮಂದಿ ಏನಂದಾರು?”

“ಹೆಸರು ಇದ್ರ ಯಾರರ ಅಳಸ್ತಾರ. ಇರದಿದ್ರ ಅಳಸೂದು ಏನೈತಿ?”

ಮದುವೆಯ ಮನೆಯಲ್ಲಿ ಇಂಥ ಅಪಶಕುನದ ಮಾತು ಬೇಕೇ ಎಂದು ಬಂದವರ ಮುಂದೆಯೇ ಬೈದೆ. ಆಕೆ ಏನನ್ನು ಹೇಳಿದಳೆಂದು ನನಗೆ ಗೊತ್ತಾಗಿತ್ತು. ಗೊತ್ತಾಗಿದ್ದಕ್ಕೇ ಅಷ್ಟು ಜೋರಾಗಿ ಬೈದದ್ದು. ಮಗಳು ಹೆಸರಿಲ್ಲದ ಪಾತ್ರೆಗಳೊಂದಿಗೆ ಬಾದಾಮಿಗೆ ಹೋದಳು.

ಹೋದ ವರ್ಷ ದೀಪಾವಳಿಗೆ ಮುಂಚೆ ಹೆಂಡತಿ ತೀರಿಕೊಂಡಳು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ದವಾಖಾನೆಯಲ್ಲಿ ನೀರು ಕುಡಿಸಲು ಹೋದರೆ ಆ ಸ್ಟೀಲ್ ಲೋಟವನ್ನು ತಿರುವಿ ನೋಡಿ, “ಇದಕ್ಕ ಊರ ಇಲ್ಲ ನೋಡ್ರಿ, ಪಾಪ” ಎಂದು ನಕ್ಕಳು. ಆಗ ಹೇಳಬಹುದಿತ್ತು. ತಪ್ಪಾಯ್ತು ಎಂಬ ಎರಡು ಶಬ್ದ. ಆಮೇಲೆ ಹೇಳಿದರಾಯಿತು, ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆಕೆ ಮನೆಗೆ ಬರಲಿಲ್ಲ.

ಮೊನ್ನೆ ವರ್ಷದ ಕಾರ್ಯ ಹತ್ತಿರ ಬಂದಾಗ ಮಗಳು ಬಂದಳು. “ಅಪ್ಪಾ, ಬಂದವರಿಗೆ ಒಂದೊಂದು ಸ್ಟೀಲ್ ಡಬ್ಬಿ ಕೊಡೂನು. ಮ್ಯಾಲೆ ಅವ್ವನ ಹೆಸರು ಹಾಕಸು” ಎಂದು ನನ್ನನ್ನು ಪೇಟೆಗೆ ಕಳಿಸಿದಳು. ಡಬ್ಬಿ ಆರಿಸಿದೆ. ಈಗ ಉಳಿ ಸುತ್ತಿಗೆ ಇಲ್ಲ, ಮಶೀನು. ಹೆಸರು ಹಾಕುವವನು ಅದನ್ನು ಚಾಲೂ ಮಾಡಿ, “ಹೆಸರು ಹೇಳ್ರಿ ಅಜ್ಜಾರ” ಎಂದ. ನಾನು ಕೈಯಲ್ಲಿದ್ದ ಡಬ್ಬಿಯನ್ನು ತಿರುವಿ ನೋಡಿದೆ. ಆಕೆ ಬದುಕಿದ್ದಾಗ ಆಕೆಯ ಹೆಸರು ಮನೆಯ ಒಂದು ತಟ್ಟೆಯ ಮೇಲೂ ಇರಲಿಲ್ಲ. ಸತ್ತ ಮೇಲೆ ಊರವರೆಲ್ಲರ ಡಬ್ಬಿಯ ಮೇಲೆ. ಆತ ಎರಡನೇ ಸಲ ಕೇಳಿದ. ನಾಳೆ ಬರುತ್ತೇನೆಂದು ಹೇಳಿ ಹೊರಗೆ ಬಂದು, ಸೀದಾ ಸ್ಟ್ಯಾಂಡಿಗೆ ಹೋಗಿ ಇಳಕಲ್ ಬಸ್ಸು ಹತ್ತಿದೆ. ಕಾರ್ಯದ ದಿನ ಆಕೆಯ ಮುಂದೆ ನೀರಿಡುವುದಾದರೆ ಅವರವ್ವ ಕೊಟ್ಟ ಪಾತ್ರೆಯಲ್ಲಿ ಇಡಬೇಕು. ಬೇರೆ ಏನೂ ಬೇಡ ಅನಿಸಿತ್ತು.

ತಂಗಿ ಒಬ್ಬಳೇ ಇದ್ದಳು. ಹೇಳದೆ ಬಂದದ್ದಕ್ಕೆ ಗಾಬರಿಯಾಗಿ, “ಯಾಕಣ್ಣಾ, ಆರಾಮ ಅದಿ ಇಲ್ಲ?” ಎಂದಳು. ಕೂಡದೆ ನಿಂತಲ್ಲಿಂದಲೇ ಕೇಳಿಬಿಟ್ಟೆ.

“ಆ ಹಿತ್ತಾಳಿ ಭಾಂಡೆ ಅದಾವೇನು? ನಿನ್ನ ಲಗ್ನದಾಗ ಕೊಟ್ಟಾವು. ಅವು ಅವ್ವನವಲ್ಲ, ನಿಮ್ಮ ವೈನಿಯವು. ಹೆಸರು ಅಳಿಸಿದಾಂವ ನಾನ. ಒಂದರ ಇದ್ರ ಕೊಡು.”

ತಂಗಿ ನನ್ನನ್ನೇ ನೋಡಿದಳು. ಒಳಗೆ ಹೋಗಿ ತಂಬಿಗೆ ತಂದು ನನ್ನ ಕೈಯಲ್ಲಿಟ್ಟಳು. ಉಳಿದವು ಎಂದೋ ತೂತುಬಿದ್ದು ಕರಗಿಸಲು ಮುರಿಗೆ ಹೋಗಿದ್ದವು. ತಂಗಿಯ ಕಣ್ಣು ತುಂಬಿತ್ತು.

“ಈಗ ಕೇಳಿದ್ಯಾ ಅಣ್ಣಾ” ಎಂದಳು. “ನಾ ವೈನಿಗೆ ಕೊಡಾಕ ಹೋಗಿದ್ನಿ. ನಿನ್ನ ಮಗಳ ಲಗ್ನದ ಮುಂದ ಒಮ್ಮೆ, ಅವರು ದವಾಖಾನಿ ಸೇರೂ ಮೊದಲ ಪಂಚಮಿಗೆ ಬಂದಾಗ ಒಮ್ಮೆ. ಚೀಲದಾಗ ಹಾಕಿ ಕೊಟ್ರೂ ತಗದು ಇಟ್ರು. ‘ನೀ ಏನು ಕದ್ದಿಲ್ಲ, ನಿನ್ನ ಕಡೆ ನಾ ಯಾಕ ಇಸ್ಕೊಳ್ಳಿ? ನಿಮ್ಮಣ್ಣಾರು ಬಂದು ಕೇಳಲಿ. ಕೇಳಿದ ದಿನ ಅವರ ಕೈಯಾಗ ಕಳಸು’ ಅಂದ್ರು. ನಿನ್ನ ಮುಂದ ಹೇಳಬ್ಯಾಡ ಅಂತ ಆಣಿ ಹಾಕಿದ್ರು.”

ನಾನು ಅಲ್ಲೇ ಕೂತೆ. ತಂಬಿಗೆಯ ಮೇಲೆ ತಂಗಿಯ ಹೆಸರಿನ ಸುತ್ತ ಕಾನಸು ತಿಕ್ಕಿದ ಜಾಗ ಇನ್ನೂ ಚಪ್ಪಟೆಯಾಗಿಯೇ ಇತ್ತು. ಹದಿನೆಂಟು ವರ್ಷ ನಾನು ಇಳಕಲ್ ಬಸ್ಸಿನಲ್ಲಿ ದುಡಿದವನು. ದಿನಾ ಮಧ್ಯಾಹ್ನ ಇಲ್ಲಿ ಬಸ್ಸು ಅರ್ಧ ತಾಸು ನಿಲ್ಲುತ್ತಿತ್ತು. ಎಷ್ಟೋ ದಿನ ಈ ಮನೆಗೆ ಬಂದು, ಇದೇ ತಂಬಿಗೆಯ ನೀರು ಕುಡಿದು, ಬಾಯಿ ಒರೆಸಿಕೊಂಡು ಹೋಗಿದ್ದೇನೆ. ಸಂಜೆ ಮನೆ ಮುಟ್ಟಿದರೆ ಆಕೆ ಬಾಗಿಲಿಗೆ ಬಂದು ನನ್ನ ಮುಖಕ್ಕಿಂತ ಮೊದಲು ನನ್ನ ಕೈಚೀಲ ನೋಡುತ್ತಿದ್ದಳು. ದಿನಾ ನೋಡುತ್ತಿದ್ದಳು. ದಾರಿಯಲ್ಲಿ ಅಮೀನಗಡ ಬರುತ್ತದಲ್ಲ, ಅಲ್ಲಿಯ ಹೆಸರಾದ ಸಿಹಿ ಕರದಂಟು ತಂದಿರಬಹುದೆಂದು ಆಸೆಯಿಂದ ನೋಡುತ್ತಾಳೆ ಎಂದುಕೊಂಡು ನಾನು ನಗುತ್ತಿದ್ದೆ.