ಎದುರು ಪಕ್ಷದ ವಕೀಲರು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಅಂಗೈಯಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕಿ ತಿಕ್ಕಿ ಆದ ಬಿಳುಪು. ಆ ಉಗುರನ್ನು ನಾನು ಬರೆದ ಸಾಲಿನ ಕೆಳಗೆ ಒತ್ತಿ ಹಿಡಿದು, ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಆ ನೋಟ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಗ ನಾನು ದಾಂಡೇಲಿಯ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆ. ಜಗಳ ಬಿದ್ದ ಮನೆಗಳಿಗೆ ಹೋಗಿ, ಎಲ್ಲರನ್ನೂ ಮಾತಾಡಿಸಿ, ಕೋರ್ಟು ಕೇಳಿದಾಗ ವರದಿ ಬರೆದು ಕೊಡುವುದು ಕೆಲಸ. ಅವರು ಹಳಿಯಾಳದ ಹಳೆಯ ವಕೀಲರು. ನಮ್ಮ ಮೊದಲ ಭೇಟಿಯೇ ಕೋರ್ಟಿನ ಒಳಗೆ, ಎದುರುಬದುರಾಗಿ.

ಚಿಗಳ್ಳಿಯ ಒಬ್ಬ ಅಜ್ಜಿ ತೀರಿಹೋದ ಮಗಳ ಕೂಸನ್ನು ಸಾಕಿಕೊಂಡಿದ್ದಳು. ಹುಡುಗಿಯ ಅಪ್ಪ ದಾಂಡೇಲಿಯಲ್ಲಿ ಲಾರಿ ಮೆಕ್ಯಾನಿಕ್. ಮರುಮದುವೆಯಾದ ಮೇಲೆ ಮಗಳನ್ನು ತನಗೆ ಕೊಡಿಸಬೇಕೆಂದು ಕೋರ್ಟಿಗೆ ಬಂದಿದ್ದ. ಅವನ ಪರ ಈ ವಕೀಲರು. ಅಜ್ಜಿಯ ಮುಖ ನೋಡಿಯೇ ನನ್ನ ಮನಸ್ಸು ಅತ್ತ ವಾಲಿತ್ತು. ‘ತಂದೆ ಬೇಜವಾಬ್ದಾರಿ ಮನುಷ್ಯ, ಮಗಳ ಮೇಲೆ ಪ್ರೀತಿ ಇಲ್ಲ, ಅಜ್ಜಿ ತಾಯಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದಾರೆ’ ಎಂದು ಬರೆದು ಕೊಟ್ಟಿದ್ದೆ.

ವಕೀಲರ ಉಗುರು ‘ಪ್ರೀತಿ’ಯ ಕೆಳಗೆ ನಿಂತಿತು.

“ಪ್ರೀತಿ ಇಲ್ಲ ಅಂತ ಎಲ್ಲಿ ನೋಡಿದ್ರಿ ಬಾಯಾರ?”

“ಅವರು ಮಾತಾಡೋದರಾಗ ಗೊತ್ತಾಗತೈತ್ರಿ.”

“ಯಾವ ಮಾತು? ಅದನ್ನ ಹೇಳ್ರಿ.”

ಟಿಪ್ಪಣಿ ಪುಸ್ತಕ ತಿರುವಿದೆ, ಅಂಥದೊಂದು ಮಾತೂ ಇರಲಿಲ್ಲ. ಉಗುರು ಮುಂದೆ ಸರಿಯಿತು.

“ತಾಯಿಗಿಂತ ಹೆಚ್ಚ ಅಂತೀರಿ. ಆ ತಾಯಿನ್ನ ಕಂಡೀರೇನು ನೀವು?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನನ್ನ ವರದಿಯನ್ನು ಬದಿಗಿಟ್ಟು, ಬೇರೆ ಬರೆದು ತರಲು ಹೇಳಿದರು. ಹೊರಗೆ ಜಗುಲಿಯಲ್ಲಿ ಅಜ್ಜಿ ನನ್ನ ಕೈ ಹಿಡಿದು, “ನಿನ್ನ ನಂಬಿ ಬಂದಿದ್ನಲ್ಲಾ ಯವ್ವಾ” ಎಂದಳು. ಅದೇ ಹೊತ್ತಿಗೆ ವಕೀಲರು ನಮ್ಮನ್ನು ದಾಟಿ ಹೋದರು. ಹೋಗುತ್ತಾ, “ಕಾದಂಬರಿ ಬರೀರಿ ಬಾಯಾರ, ಕೈ ಛಲೋ ಐತಿ” ಎಂದರು. ಅಜ್ಜಿಯ ಎದುರೇ ನನಗೆ ಅಳು ಬಂತು.

ಎರಡನೆಯ ಸಲ ನಾನು ಹೊರಟದ್ದು ಬರೀ ಹಟದಿಂದ. ಆ ಮನುಷ್ಯನಿಗೆ ಹಿಡಿಯಲು ಒಂದು ಪದವೂ ಸಿಗಬಾರದು, ಅಷ್ಟೇ. ಚಿಗಳ್ಳಿಯಲ್ಲಿ ಸುಮ್ಮನೆ ಕೂತು ನೋಡಿದೆ. ಅಜ್ಜಿ ಅಕ್ಕಿಯಲ್ಲಿ ಹರಳು ಆರಿಸಿ ಮೊರವನ್ನು ಬದಿಗಿಟ್ಟಳು. ಹರಳು ಅಲ್ಲೇ ಉಳಿದಿದ್ದವು. ಹುಡುಗಿ ಮೊರ ಎಳೆದುಕೊಂಡು ಮತ್ತೆ ಆರಿಸಿದಳು. ಅಪ್ಪನ ಬಗ್ಗೆ ಕೇಳಿದೆ. “ಅಪ್ಪ ಬಂದ್ರ ಛಲೋ ಅನಸ್ತೈತ್ರಿ” ಎಂದಳು. ಆ ಮನೆಗೆ ಹೋಗಿ ಇರುತ್ತೀಯಾ ಎಂದರೆ ತಲೆ ಅಲ್ಲಾಡಿಸಿದಳು. “ಒಲ್ಲೆ. ಅಲ್ಲಿ ನಾ ಎಲ್ಲಿ ಕೂಡಬೇಕು ಅನ್ನೂದ ಗೊತ್ತಾಗಂಗಿಲ್ಲ.”

ದಾಂಡೇಲಿಯ ಗ್ಯಾರೇಜಿಗೂ ಹೋದೆ. ಮಗಳು ಶಾಲೆಯಲ್ಲಿ ಎಷ್ಟನೇ ಇಯತ್ತೆ ಎಂದು ಅಪ್ಪನನ್ನು ಕೇಳಿದರೆ ಮೂರನೇದು ಎಂದ. ಆಕೆ ಐದರಲ್ಲಿದ್ದಳು. ಖುಷಿಯಿಂದ ಬರೆದುಕೊಂಡೆ. ಆದರೆ ಅವನು ನಟ್ಟು ಬಿಚ್ಚುವ ಪಾನಾ ತೆಗೆಯಲು ಪೆಟ್ಟಿಗೆ ತೆರೆದಾಗ, ಮುಚ್ಚಳದ ಒಳಗೆ ಮಗಳ ಶಾಲೆಯ ಫೋಟೋ ಅಂಟಿಸಿದ್ದು ಕಂಡಿತು. ಸುತ್ತ ಗ್ರೀಸು, ಫೋಟೋ ಮಾತ್ರ ಸ್ವಚ್ಛ. ಅದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ಬಿಟ್ಟರೆ ಆ ವಕೀಲ ನನ್ನನ್ನು ಮತ್ತೆ ಸುಳ್ಳಿ ಮಾಡುತ್ತಾನೆ ಎಂಬ ಹೆದರಿಕೆಗೆ ಬರೆದೆ. ಹರಳಿನ ಮಾತನ್ನೂ ಬರೆದೆ.

ಈ ಸಲ ಉಗುರು ಪುಟದುದ್ದಕ್ಕೂ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಹರಳಿನ ಸಾಲಿಗೆ ಬಂತು.

“ಮುದುಕಿಗೆ ಕಣ್ಣು ಕಾಣಂಗಿಲ್ಲ ಅಂತ ಇವರ ಬರದಾರ.”

“ಹಂಗ ಬರದಿಲ್ರಿ,” ಎಂದೆ. “ಹರಳು ಉಳಿದಿದ್ವು, ಹುಡುಗಿ ಮತ್ತ ಆರಿಸಿದ್ಲು ಅಂತಷ್ಟ ಬರದೇನಿ.”

ನ್ಯಾಯಾಧೀಶರು ವಕೀಲರಿಗೆ, ‘ಮುಂದಿನದನ್ನೂ ಓದಿ’ ಎಂದರು. ಮುಂದಿನದು ಹುಡುಗಿಯ ಮಾತು. ವಕೀಲರದು ಕಂಚಿನ ಕಂಠ, ಮೆಲ್ಲಗೆ ಓದುವುದು ಗೊತ್ತಿಲ್ಲ. “ಅಲ್ಲಿ ನಾ ಎಲ್ಲಿ ಕೂಡಬೇಕು ಅನ್ನೂದ ಗೊತ್ತಾಗಂಗಿಲ್ಲ” ಎಂದು ಕೋರ್ಟಿನ ತುಂಬ ಕೇಳುವಂತೆ ಓದಿದರು. ಹಿಂದೆ ನಿಂತಿದ್ದ ಅಪ್ಪ ಮುಖ ಒರೆಸಿಕೊಂಡು, “ಸಾಕ್ರಿ ವಕೀಲರ,” ಎಂದ. “ಅಕಿ ಅಲ್ಲೇ ಇರಲಿ.”

ಹುಡುಗಿ ಚಿಗಳ್ಳಿಯಲ್ಲೇ ಉಳಿದಳು. ಅಪ್ಪ ರವಿವಾರ ಹೋಗಿ ಬರುವುದೆಂದು ಒಪ್ಪಂದವಾಯಿತು. ಅಜ್ಜಿಯನ್ನು ಹುಬ್ಬಳ್ಳಿಗೆ ಕರೆದೊಯ್ದು ಕಣ್ಣಿನ ಆಪರೇಷನ್ ಮಾಡಿಸಿದವನೂ ಅವನೇ. ಒಪ್ಪಂದವಾದ ದಿನ ಕೋರ್ಟಿನ ಜಗುಲಿಯಲ್ಲಿ ವಕೀಲರು ನನ್ನ ದಾರಿಗೆ ಅಡ್ಡ ನಿಂತು, “ನನ್ನ ಕೇಸ ನನ್ನ ಬಾಯಿಲೇ ಮುರಿಸಿದ್ರಿ. ನೆನಪಿಟ್ಟಿರ್ತೇನಿ” ಎಂದರು.

ನೆನಪಿಟ್ಟುಕೊಂಡರು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಕೇಸುಗಳಲ್ಲಿ ನನ್ನನ್ನು ನಿಲ್ಲಿಸಿ ಅರೆದರು. ಗಂಡ ಹೊಡೆದ ಎಂದರೆ ಯಾವ ಕೈಯಿಂದ, ಯಾರು ಕಂಡರು, ನೀವು ಕಂಡಿರೋ ಕೇಳಿದಿರೋ? ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದೆವು. ಒಂದು ನಮಸ್ಕಾರವಿಲ್ಲ. ಆದರೆ ಅವರನ್ನು ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಳ್ಳದೆ ನಾನು ಒಂದು ವಾಕ್ಯವನ್ನೂ ಬರೆದದ್ದಿಲ್ಲ. ಕಂಡದ್ದು ಬೇರೆ, ಕೇಳಿದ್ದು ಬೇರೆ, ನನಗೆ ಅನ್ನಿಸಿದ್ದು ಬೇರೆ. ನನಗೆ ಸೇರದವರ ಒಳ್ಳೆಯದನ್ನೂ ಬರೆಯುವುದು ಹೀಗೆ ಅಭ್ಯಾಸವಾಯಿತು. ಅದರಿಂದ ಎಷ್ಟೋ ಮನೆಗಳಿಗೆ ಅನ್ಯಾಯ ತಪ್ಪಿತು ಎಂದು ನಂಬಿದ್ದೇನೆ.

ಹೋದ ವರ್ಷ ಅವರು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರೋಣ ಎಂದು ಹಳಿಯಾಳಕ್ಕೆ ಯಾಕೆ ಹೋದೆನೋ, ಗೊತ್ತಿಲ್ಲ. ಹೆಸರು ಹೇಳಿದೊಡನೆ ಅವರ ಹೆಂಡತಿ ನನ್ನನ್ನೇ ದಿಟ್ಟಿಸಿದರು.

“ನೀವೇನ್ರಿ ಅವರು? ನಿಮ್ಮ ರಿಪೋರ್ಟ್ ಇದ್ದ ಕೇಸ ಬಂತಂದ್ರ ಇವರಿಗೆ ಊಟ ಸೇರತಿದ್ದಿಲ್ಲ. ತಾಟಿನ ಮುಂದ ಕುಂತು ನಿಮ್ಮನ್ನ ಬೈಯೋರು. ಭಾಳ ತ್ರಾಸ ಕೊಟ್ರಿ ನೀವು.”

ಆಕೆ ದೂರುವಂತೆಯೇ ಹೇಳಿದರು. ನನ್ನ ಕೆಲಸಕ್ಕೆ ಇಂಥ ಮರ್ಯಾದೆ ಬೇರೆ ಯಾರಿಂದಲೂ ಸಿಕ್ಕಿಲ್ಲ. ಕೊಟ್ಟ ಚಹಾ ಕುಡಿದು ಎದ್ದೆ. ಬಂದವರೆಲ್ಲ ಹಾರ ಹಾಕಿದ ಫೋಟೋಗೆ ಕೈಮುಗಿಯುತ್ತಿದ್ದರು. ನನ್ನ ಕೈ ಏಳಲಿಲ್ಲ. ಋಣ ಇದೆ, ಇಲ್ಲವೆನ್ನಲಾರೆ. ಸಿಟ್ಟೂ ಹಾಗೇ ಇದೆ. ಎರಡನ್ನೂ ಹೊತ್ತುಕೊಂಡು ದಾಂಡೇಲಿ ಬಸ್ಸು ಹತ್ತಿದೆ.