ನಡುದಾರಿಯಲ್ಲಿ ಇಳಿಯುವವರು

ಹಿಂದೂಪುರದ ಆ ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಕಿಟಕಿ ಇರಲಿಲ್ಲ. ಮೂರು ಹಾಸಿಗೆ, ಒಂದೊಂದರ ಪಕ್ಕಕ್ಕೂ ಒಂದು ಯಂತ್ರ, ಎದುರಿನ ಗೋಡೆಗೆ ಒಂದು ಟಿ.ವಿ. ರೋಗಿಯ ತೋಳಿನಿಂದ ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಯಂತ್ರದಲ್ಲಿ ಶುದ್ಧವಾಗಿ, ಮತ್ತೆ ತೋಳಿಗೇ ಹೋಗುತ್ತಿತ್ತು. ಅದು ಮುಗಿಯುವವರೆಗೆ, ಅಂದರೆ ಹೆಚ್ಚುಕಡಿಮೆ ಅರ್ಧ ಹಗಲು, ಆ ಕೈ ಅಲುಗಾಡಬಾರದು. ಸೂಜಿ ಚುಚ್ಚಿಸಿಕೊಂಡು ಮಲಗುವುದಕ್ಕೆ ಅಲ್ಲಿನವರು ‘ಹತ್ತೋದು’ ಎನ್ನುತ್ತಿದ್ದರು. ಮುಗಿಸಿ ಏಳುವುದು ‘ಇಳಿಯೋದು’. ಬಸ್ಸಿನ ಮಾತು.

ನನ್ನ ಅಕ್ಕ ವಾರಕ್ಕೆ ಮೂರು ಸಲ ಅಲ್ಲಿ ಹತ್ತಿ ಇಳಿಯುತ್ತಿದ್ದಳು. ಅವಳ ಗಂಡನ ಊರು ಕುಂದುರ್ಪಿಯ ಕಡೆ. ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಳು. ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾದಾಗ ಹತ್ತಿರದ ಕಲ್ಯಾಣದುರ್ಗದಲ್ಲಿ ಯಂತ್ರ ಖಾಲಿ ಇರಲಿಲ್ಲ. ಭಾವನನ್ನೂ ಕುರಿಗಳನ್ನೂ ಊರಲ್ಲಿ ಬಿಟ್ಟು ಹಿಂದೂಪುರದ ನನ್ನ ಬಾಡಿಗೆ ಮನೆಗೆ ಬಂದಳು. ನಾನು ಪತ್ರಿಕೆಯೊಂದಕ್ಕೆ ಗಡಿಭಾಗದ ಸುದ್ದಿ ಬರೆಯುವವನು. ಬೆಳಗಿನ ಹೊತ್ತು ನನಗೆ ಬಿಡುವು. ಅವಳ ಹಾಸಿಗೆಯ ಪಕ್ಕದ ಸ್ಟೂಲು ನನ್ನದಾಯಿತು.

ಟಿ.ವಿ.ಗೆ ಯಾರೋ ಒಂದು ಪೆನ್‌ಡ್ರೈವ್ ಚುಚ್ಚಿ ಬಿಟ್ಟುಹೋಗಿದ್ದರು. ಅದರಲ್ಲಿದ್ದದ್ದು ಒಂದೇ ಧಾರಾವಾಹಿ, ಹೊರದೇಶದ್ದು, ತೆಲುಗಿಗೆ ಡಬ್ ಆದದ್ದು. ಒಂದು ಹಳೆಯ ಅಂತರಿಕ್ಷ ನೌಕೆ. ಅದರ ಕೆಲಸ ಕೆಟ್ಟು ನಿಂತ ಬೇರೆ ನೌಕೆಗಳನ್ನು ಎಳೆದು ತರುವುದು. ಒಳಗಿದ್ದವರೆಲ್ಲ ಬೇರೆಲ್ಲೂ ಬೇಡವಾದವರು. ಕ್ಯಾಪ್ಟನ್ನನ್ನು ದೊಡ್ಡ ನೌಕೆಯಿಂದ ತೆಗೆದುಹಾಕಿದ್ದರು. ಡಾಕ್ಟರನ ಸರ್ಟಿಫಿಕೇಟು ಸುಳ್ಳು. ಅಡಿಗೆಯವಳಿಗೆ ತನ್ನ ಗ್ರಹ ಯಾವುದೆಂದೇ ಹೇಳಲು ಇಷ್ಟವಿಲ್ಲ.

ನಮ್ಮ ಕೋಣೆಯ ಮೊದಲ ಹಾಸಿಗೆಯಲ್ಲಿದ್ದವರು ಬಸ್ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣನ್ನು, ಆಮೇಲೆ ಕಿಡ್ನಿಯನ್ನು ತಿಂದಿತ್ತು. ಸ್ಟೀರಿಂಗಿನಿಂದ ಇಳಿಸಿ ಮನೆಗೆ ಕಳಿಸಿದ್ದರು. ಎರಡನೆಯ ಹಾಸಿಗೆಯವನು ಸೆಟ್ಟೂರಿನಲ್ಲಿ ಓದಿಲ್ಲದೆ ಡಾಕ್ಟರಿಕೆ ಮಾಡಿದವನು. ಊರಿಗೆಲ್ಲ ಕೊಡುತ್ತಿದ್ದ ನೋವಿನ ಮಾತ್ರೆಯನ್ನೇ ತನ್ನ ಬೆನ್ನುನೋವಿಗೂ ವರ್ಷಗಟ್ಟಲೆ ನುಂಗಿ ಇಲ್ಲಿಗೆ ಬಂದಿದ್ದ. ಮೂರನೆಯದು ಅಕ್ಕನದು. ಧಾರಾವಾಹಿಯ ಹೆಸರುಗಳನ್ನು ಮೂವರಿಗೂ ಹಂಚಿದವನು ಎರಡನೆಯ ಹಾಸಿಗೆಯವನೇ.

“ಅಣ್ಣೋ, ನೀನು ಕ್ಯಾಪ್ಟನ್. ನಾನಂತೂ ಮೊದ್ಲಿಂದ್ಲೂ ಡಾಕ್ಟ್ರೇ. ಈ ಯಮ್ಮ ಅಡಿಗೆಯೋಳು. ಹಡಗು ರೆಡಿಯಾಯ್ತು ನೋಡು.”

“ಎಲ್ಲಾ ರೆಡಿ ಐತೆ. ಹಡಗು ಮುಂದಕ್ ಹೋಗ್ತಾ ಇಲ್ಲ, ಅಷ್ಟೇಯ” ಎಂದರು ಡ್ರೈವರ್.

ಅಂದಿನಿಂದ ಆ ಕೋಣೆಯಲ್ಲಿ ಅವರ ಹೆಸರು ಅವೇ ಆದವು. ಅಕ್ಕನಿಗೆ ಧಾರಾವಾಹಿಯ ಬಗ್ಗೆ ತಕರಾರುಗಳಿದ್ದವು.

“ಇಷ್ಟ್ ದೂರ ಬಂದವ್ರೆ. ಒಂದಿನಾನಾದ್ರೂ ಬಟ್ಟೆ ಒಗ್ದಿದ್ ನೋಡಿದ್ಯೇನ್ಲಾ? ಒಣಾಕಾಕೆ ಬಿಸ್ಲೆಲ್ಲೈತೆ ಅಲ್ಲಿ?”

“ಸೂರ್ಯನ ಪಕ್ಕದಾಗೇ ಹೋಯ್ತಾವ್ರಲ್ಲಮ್ಮ” ಎಂದ ಡಾಕ್ಟರ್.

“ಹಂಗಾರೆ ಒಲೆ ಯಾಕ್ ಹಚ್ತಾಳೆ ಅವ್ಳು? ಪಾತ್ರೆ ಹೊರಕ್ಕಿಟ್ರೆ ಬೇಯಲ್ವಾ?”

ನೌಕೆಯಲ್ಲಿ ನೀರು ಅಳತೆಯದು. ಟ್ಯಾಂಕಿನ ಕೀಲಿ ಅಡಿಗೆಯವಳ ಸೊಂಟದಲ್ಲಿರುತ್ತಿತ್ತು. ಅವಳು ಒಬ್ಬೊಬ್ಬರಿಗೂ ಲೋಟದಲ್ಲಿ ನೀರು ಹಂಚುವ ದೃಶ್ಯ ಬಂದಾಗ ಕೋಣೆಯವರ ಗಮನವೆಲ್ಲ ಆ ಲೋಟದ ಮೇಲೆ. ಮೂತ್ರ ನಿಂತವರಿಗೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ಮೂವರೂ ಬಾಯಿ ಒಣಗಿದಾಗ ಹನಿ ನೀರಲ್ಲಿ ನಾಲಿಗೆ ಒದ್ದೆ ಮಾಡಿಕೊಂಡು ಬದುಕುತ್ತಿದ್ದವರು.

ಒಂದು ಕಂತಿನಲ್ಲಿ ಅಡಿಗೆಯವಳು ನೌಕೆ ಬಿಟ್ಟಳು. ಆ ನೌಕೆಗೊಂದು ನಿಯಮವಿತ್ತು. ಯಾವ ನಿಲ್ದಾಣದಲ್ಲಾದರೂ ಯಾರು ಬೇಕಾದರೂ ಇಳಿಯಬಹುದು, ಉಳಿದವರು ಕಾರಣ ಕೇಳುವಂತಿಲ್ಲ. ಜನವಿಲ್ಲದ, ಗಾಳಿ ಕೂಡ ಸರಿಯಿಲ್ಲದ ಒಂದು ನಿಲ್ದಾಣದಲ್ಲಿ ಅವಳು ಕೀಲಿ ಮೇಜಿನ ಮೇಲಿಟ್ಟು ಇಳಿದುಹೋದಳು. ಕ್ಯಾಪ್ಟನ್ ತಡೆಯಲಿಲ್ಲ. ನೌಕೆ ಹೊರಟಿತು.

ಡಾಕ್ಟರನಿಗೆ ಸಿಟ್ಟು ಬಂತು. “ಬಾಗ್ಲಿಗೆ ಬೀಗ ಹಾಕ್ಬೇಕಿತ್ತು. ಅಲ್ಲಿಳಿದ್ರೆ ಸಾಯ್ತಾಳೆ ಅಂತ ಗೊತ್ತಿಲ್ವಾ ಅವ್ನಿಗೆ? ಎಂಥಾ ಕ್ಯಾಪ್ಟನ್ನಯ್ಯ!”

ಡ್ರೈವರ್ ತಲೆದಿಂಬಿನ ಮೇಲೆ ತಲೆ ಆಡಿಸಿದರು. “ನಡುದಾರೀಲಿ ನಿಲ್ಸು ಅಂದೋರ್ನ ಇಳಸ್ಲೇಬೇಕು ಕಣಪ್ಪ. ಒಳಗೇ ಕೂಡಾಕಂಡ್ ಹೋಗಾಕಾಗಲ್ಲ. ‘ನಿಮ್ಮೂರು ಬಂದೈತಾ, ಸರಿಯಾಗ್ ನೋಡ್ಕಳ್ಳಿ’ ಅಂತ ಒಂದ್ ಮಾತು ಕೇಳ್ಬೇಕು. ಅಷ್ಟೇ ನಮ್ ಕೆಲ್ಸ.”



ಅದಾಗಿ ಸ್ವಲ್ಪ ಕಾಲಕ್ಕೆ ಹೊಸ ಟೆಕ್ನಿಷಿಯನ್ ಬಂದ. ತೆಲುಗು ಸೀಮೆಯ ಕರಾವಳಿ ಜಿಲ್ಲೆಯವನು, ಒಳ್ಳೆಯ ಕೈ. ಸೂಜಿ ಒಂದೇ ಸಲಕ್ಕೆ ಕೂರಿಸುತ್ತಿದ್ದ. ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ, ಅದರಿಂದ ತೊಂದರೆಯೂ ಇರಲಿಲ್ಲ. ನಮ್ಮ ಕಡೆಯವರೆಲ್ಲ ಎರಡೂ ಮಾತಿನವರು. ಅಕ್ಕ ಅವನ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದಳು. ಮೈಯಲ್ಲಿ ತ್ರಾಣ ಕಡಿಮೆಯಾದಾಗ ಮಾತ್ರ ಅವಳ ಬಾಯಿಗೆ ಕನ್ನಡ ಬರುತ್ತಿತ್ತು. ಇದನ್ನು ನಾನು ಗಮನಿಸಿದ್ದೆ. ಅವನಿಗೆ ಗೊತ್ತಿರಲಿಲ್ಲ.

ಒಂದು ದಿನ ಮೈಯಲ್ಲಿ ನೀರು ಹೆಚ್ಚು ತುಂಬಿಕೊಂಡಿದ್ದರಿಂದ ಯಂತ್ರ ಹೆಚ್ಚು ನೀರು ಎಳೆಯುವಂತೆ ಇಟ್ಟಿದ್ದರು. ನಾನು ಬಾಗಿಲ ಬಳಿ ಕಚೇರಿಯವರ ಜೊತೆ ಫೋನಿನಲ್ಲಿದ್ದೆ. ಟೆಕ್ನಿಷಿಯನ್ ಅವಳಿಗೆ ಬೆನ್ನು ಮಾಡಿ ಡಾಕ್ಟರನ ಕೊಳವೆ ನೋಡುತ್ತಿದ್ದ. ಅಕ್ಕ ಮೆಲ್ಲಗೆ “ಸಾಕು” ಎಂದಳು. ಮತ್ತೊಮ್ಮೆ “ಸಾಕು” ಎಂದಳು.

ಅವನು ತಿರುಗದೆಯೇ ಅಂದ: “ಸಾಕುಲು ಚೆಪ್ಪೊದ್ದಮ್ಮಾ.”

ತೆಲುಗಿನಲ್ಲಿ ಸಾಕು ಎಂದರೆ ನೆಪ. ನೆಪ ಹೇಳಬೇಡಮ್ಮ ಎಂದಿದ್ದ ಅವನು. ಬೇಗ ಇಳಿಸು ಎಂದು ದಿನವೂ ಪೀಡಿಸುವ ರೋಗಿಗಳನ್ನು ಕಂಡವನಿಗೆ ಅದು ಹೊಂದಿಕೊಂಡಂತೆಯೇ ಕೇಳಿಸಿತ್ತು. ಎರಡೂ ಭಾಷೆ ಬಲ್ಲ ಡಾಕ್ಟರ್ ಜೋರಾಗಿ ನಕ್ಕ. ಡ್ರೈವರ್ ನಗಲಿಲ್ಲ. ಮಂಜಾದ ಕಣ್ಣಲ್ಲೂ ಅವರಿಗೆ ಅಕ್ಕನ ತಲೆ ಪಕ್ಕಕ್ಕೆ ಜಾರಿದ್ದು ಕಂಡಿತ್ತು.

“ಲೇ, ಚಾಲಂಟಾಂದಿ ರಾ! ಆಯಮ್ಮ ಚಾಲಂಟಾಂದಿ!” ಎಂದು ಕೂಗಿದರು.

ಕನ್ನಡದ ಸಾಕಿಗೆ ತೆಲುಗಿನಲ್ಲಿ ಚಾಲು. ಅವನಿಗೆ ತಕ್ಷಣ ಅರ್ಥವಾಯಿತು. ಯಂತ್ರ ನೀರೆಳೆಯುವುದನ್ನು ನಿಲ್ಲಿಸಿ, ಹಾಸಿಗೆಯ ಕಾಲ ಕಡೆ ಎತ್ತಿ, ಸಲೈನ್ ಬಿಟ್ಟ. ರಕ್ತದೊತ್ತಡ ಪೂರ್ತಿ ಬಿದ್ದುಹೋಗಿತ್ತು. ಅಕ್ಕ ಕಣ್ಣು ಬಿಡುವ ತನಕ ಅವನು ಅವಳ ಕೈ ಬಿಡಲಿಲ್ಲ. ಆಮೇಲೆ ಗೋಡೆಗೆ ಒರಗಿ ನಿಂತ, ಬೆವರುತ್ತಿದ್ದ. ಮುಂದಿನ ಸರದಿಯಲ್ಲಿ ಅವನು ಡ್ರೈವರ್ ಹತ್ತಿರ ಕನ್ನಡದ ಮಾತುಗಳನ್ನು ಕೇಳಿ ಕಲಿಯುತ್ತಿದ್ದ: ನೋವು, ಸಂಕಟ, ತಲೆ ಸುತ್ತು, ಸಾಕು. ಅವನ ಮೇಲೆ ನಾನು ದೂರು ಬರೆದುಕೊಡಲಿಲ್ಲ. ಅಕ್ಕ ಬೇಡ ಎಂದಳು.

ಆ ದಿನ ಆಟೋದಲ್ಲಿ ಮನೆಗೆ ಬರುವಾಗ ಅವಳು ಮತ್ತೆ “ಸಾಕು” ಎಂದಳು.

“ಇವತ್ತಿಂದು ಮುಗೀತಲ್ಲಕ್ಕ” ಎಂದೆ.

“ಇವತ್ತಿಂದಲ್ಲ ಕಣ್ಲಾ. ಎಲ್ಲಾನೂ. ನಾನು ಇಳೀತೀನಿ.”

ನಾನು ಅವಳ ಕಡೆ ತಿರುಗಿ ಕೂತೆ.

“ಅವ್ವ ಹೋದ್ಮೇಲೆ ನಿನ್ನ ಸಾಕಿದೋಳು ನಾನು. ಸಾಕೋವಾಗ ಒಂದಿನಾನಾದ್ರೂ ಸಾಕು ಅಂತ ನನ್ ಬಾಯಾಗ್ ಬಂದಿತ್ತೇನ್ಲಾ? ಇವಾಗ ಬಂದೈತೆ. ಕೇಳು.”

ಕೇಳಿದೆ. ಯಂತ್ರ ಬಿಟ್ಟರೆ ಏನಾಗುತ್ತದೆ ಎಂದು ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿದೆ. ಬದುಕು ದಿನಗಳ ಲೆಕ್ಕಕ್ಕೆ ಬರುತ್ತದೆ, ಹೆಚ್ಚೆಂದರೆ ವಾರಗಳು, ಕೊನೆ ಸುಲಭವಾಗಿರುವುದಿಲ್ಲ ಎಂದರು. ಅವರು ಹೇಳಿದ್ದನ್ನು ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಅಕ್ಕನಿಗೆ ಹೇಳಿದೆ. “ಗೊತ್ತು” ಎಂದಳು. ಭಾವನಿಗೆ ಫೋನ್ ಮಾಡಿದೆ. ಆ ಕಡೆ ಕುರಿಗಳು ಅರಚುತ್ತಿದ್ದವು. “ಅವ್ಳಿಷ್ಟ” ಎಂದ.

ಊರಿಗೆ ಹೊರಡುವ ಮೊದಲು ಅವಳು ಆ ಕೋಣೆಗೆ ಬಂದಳು, ಹತ್ತುವುದಕ್ಕಲ್ಲ. ಸೀರೆಯ ಸೆರಗನ್ನು ತೋಳು ತುಂಬ ಹೊದ್ದಿದ್ದಳು. ಡ್ರೈವರ್ ಹಾಸಿಗೆಯ ಹತ್ತಿರ ನಿಂತು, “ಬತ್ತೀನಿ ಕಣಣ್ಣಯ್ಯ. ನಾನು ಇಳೀತಾ ಇದೀನಿ” ಎಂದಳು.

ಅವರು ಅವಳತ್ತ ಮುಖ ತಿರುಗಿಸಿದರು. ಅವಳು ಅವರಿಗೆ ಎಷ್ಟು ಕಾಣುತ್ತಿದ್ದಳೋ ಗೊತ್ತಿಲ್ಲ.

“ಊರು ಬಂದೈತೇನಮ್ಮ? ಸರಿಯಾಗ್ ನೋಡ್ಕಂಡ್ಯಾ?”

“ಬಂದೈತೆ.”

“ಹಂಗಾರೆ ಹುಷಾರಾಗಿ ಇಳ್ಕಳಮ್ಮ.”

ಡಾಕ್ಟರ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಅಕ್ಕ ಕರೆದಳು, ಅವನು ತಿರುಗಲಿಲ್ಲ. “ನಾನು ಮಾತಾಡಲ್ಲ ಹೋಗಮ್ಮ” ಎಂದ.

ನಾವು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ, ಅಲ್ಲಿಂದ ಬಸ್ಸು ಬದಲಿಸಿ ಕುಂದುರ್ಪಿಯ ಕಡೆಗೆ ಹೋದೆವು. ಮೊದಲ ದಿನಗಳಲ್ಲಿ ಅವಳು ವೈದ್ಯರು ಬೇಡವೆಂದಿದ್ದನ್ನೆಲ್ಲ ತಿಂದಳು: ಉಪ್ಪಿನಕಾಯಿ, ಹುಳಿಸೊಪ್ಪು, ಬಾಳೆಹಣ್ಣು. ಗಡಿಗೆಯ ನೀರನ್ನು ಚೊಂಬೆತ್ತಿ ಕುಡಿದಳು. ಅಕ್ಕಪಕ್ಕದವರಿಗೆ ಧಾರಾವಾಹಿಯ ಕತೆ ಹೇಳಿದಳು. ಅವಳ ಕತೆಯಲ್ಲಿ ಆ ನೌಕೆಯವರು ಬಟ್ಟೆ ಒಗೆಯುತ್ತಿದ್ದರು. ಅಡಿಗೆಯವಳು ಇಳಿದ ಕಂತನ್ನು ಅವಳು ಯಾರಿಗೂ ಹೇಳಿದ್ದು ನಾನು ಕೇಳಲಿಲ್ಲ.

ಆಮೇಲೆ ಮುಖ ಊದಿತು. ಕಾಲು ಊದಿ, ಬೆರಳೊತ್ತಿದರೆ ಗುಳಿ ಉಳಿಯುವಂತಾಯಿತು. ಮಲಗಿದರೆ ಉಸಿರು ಸಿಗದೆ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಮಾಡುವುದಕ್ಕೆ ಬೇರೆ ಕೆಲಸವಿರಲಿಲ್ಲ. ಅವಳು ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎನ್ನುತ್ತಿದ್ದೆ. ಅದು ನಿಜವಾಗಿತ್ತು.

ಒಂದು ಮಧ್ಯಾಹ್ನ ಅವಳ ತುಟಿ ನೀಲಿಯಾಯಿತು. ನೀರಲ್ಲಿ ಮುಳುಗುವವರು ಬಾಯಿ ತೆರೆಯುವ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಭಾವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: “ಹತ್ಸ್ರೋ. ನನ್ನ ಹತ್ಸ್ರೋ.”

ಭಾವನಿಗೆ ಅರ್ಥವಾಗಲಿಲ್ಲ. ಆ ಕೋಣೆಯ ಮಾತು ಅವನಿಗೆ ಗೊತ್ತಿರಲಿಲ್ಲ. ಎಲ್ಲಿಗೆ ಹತ್ತಿಸಬೇಕೆಂದು ಸುತ್ತ ನೋಡಿ, ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಲು ಹೋದ. ನಾನು ಎದ್ದು ಆಟೋ ತರಲು ಓಡಿದೆ.

ಕಲ್ಯಾಣದುರ್ಗದವರೆಗೆ ಅವಳನ್ನು ಇಬ್ಬರ ನಡುವೆ ನೆಟ್ಟಗೆ ಕೂರಿಸಿಕೊಂಡು ಹೋದೆವು. ಅಲ್ಲಿನ ಡಯಾಲಿಸಿಸ್ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಯಾಕೆ ಖಾಲಿಯಾಯಿತೆಂದು ನಾನು ಕೇಳಲಿಲ್ಲ. ಅಲ್ಲಿನವರು ಮೊದಲು ತಕರಾರು ಮಾಡಿದರು, ಆಮೇಲೆ ಅವಳ ತುಟಿ ನೋಡಿ ಹತ್ತಿಸಿದರು.

ಸಂಜೆಯ ಹೊತ್ತಿಗೆ ಉಸಿರು ಒಂದು ಹದಕ್ಕೆ ಬಂತು. ಕಣ್ಣು ಬಿಟ್ಟು ಭಾವನನ್ನು ನೋಡಿದಳು, ಆಮೇಲೆ ನನ್ನನ್ನು.

“ನಾನು ಸಾಕು ಅಂದ್ರೆ ನೀನು ಹೂಂ ಅಂದ್ಬುಡೋದೇನ್ಲಾ?”

“ಕೇಳು ಅಂದೋಳು ನೀನೇ ಅಲ್ವೇನಕ್ಕ?”

“ಅಂದೆ. ಅಂದೋರ ಮಾತ್ನ ಅಂದಂಗೇ ಬರ್ಕಳೋದು ನಿನ್ ಕಸುಬು. ನಾನೇನು ನಿನ್ ಪೇಪರ್ಗೆ ಸುದ್ದಿ ಕೊಟ್ನಾ? ಒಂದ್ ಕಿತಾನಾದ್ರೂ ನನ್ ಮೇಲೆ ಜಗಳಕ್ ಬಂದ್ಯಾ? ಆ ಡಾಕ್ಟ್ರು ಮಾತು ಬುಟ್ಟ ನನ್ ಜೊತೆ. ನನ್ಗೂ ಅವ್ನಿಗೂ ಏನ್ ಸಂಬಂಧ? ಅವ್ನಿಗಾದಷ್ಟು ಸಿಟ್ಟೂ ನಿನ್ಗೆ ಬರ್ಲಿಲ್ವಲ್ಲೋ.”

ಭಾವ ಅವಳ ಕಾಲ ಬಳಿ ನಿಂತು ಹೊದಿಕೆ ಸರಿಮಾಡಿದ.  ಅವಳು ಉತ್ತರಕ್ಕೆ ಕಾಯದೆ ನಿದ್ದೆ ಹೋದಳು.

ಆ ಹಾಸಿಗೆ ಅವಳದೇ ಆಯಿತು. ಈಗ ಊರಿನಲ್ಲೇ ಇದ್ದು ಕಲ್ಯಾಣದುರ್ಗಕ್ಕೆ ಹೋಗಿ ಬರುತ್ತಾಳೆ. ಅಲ್ಲಿ ಟಿ.ವಿ. ಇಲ್ಲ. ಹಿಂದೂಪುರದ ಡ್ರೈವರ್ ಈ ನಡುವೆ ತೀರಿಕೊಂಡರು. ಡಾಕ್ಟರ್ ನನಗೆ ಫೋನ್ ಮಾಡಿ ತಿಳಿಸಿದ, ನಾನು ಅಕ್ಕನಿಗೆ ತಿಳಿಸಿದೆ. 

ಪ್ರತಿ ಸರದಿಯ ಹಿಂದಿನ ದಿನ ಅವಳಿಗೆ ಫೋನ್ ಮಾಡುತ್ತೇನೆ. “ನಾಳೆ ಹೋಗಲ್ಲ ಕಣ್ಲಾ, ಆಗಲ್ಲ ನನ್ ಕೈಲಿ” ಎನ್ನುತ್ತಾಳೆ. ನಾನು ಜಗಳ ಶುರು ಮಾಡುತ್ತೇನೆ. ನನಗೆ ಜಗಳ ಬರುವುದಿಲ್ಲ. ಮಾತುಗಳನ್ನು ಹುಡುಕಿ ಹುಡುಕಿ ಬೈಯುತ್ತೇನೆ. ಅವಳು ಪೂರ್ತಿ ಕೇಳಿಸಿಕೊಂಡು, “ಆಯ್ತು ಬುಡು, ಹೋಯ್ತೀನಿ” ಎನ್ನುತ್ತಾಳೆ. ಕೆಲವು ದಿನ ಅವಳ ದನಿಯಲ್ಲಿ ನಗು ಇರುತ್ತದೆ. ಕೆಲವು ದಿನ ಇರುವುದಿಲ್ಲ. ಅಂಥ ದಿನ ಅವಳು ನಿಜವಾಗಿಯೇ ಬೇಡವೆನ್ನುತ್ತಿದ್ದಾಳೋ ಏನೋ, ಫೋನಿನಲ್ಲಿ ತಿಳಿಯುವುದಿಲ್ಲ. ಆದರೂ ಬೈಯುತ್ತೇನೆ.