ನಡುವೆ ಹಾದುಹೋದ ಚೆಂಡು

ಗುರುಪಾದನಿಗೆ ಅಂಗಿ ಹೊಲಿಯುವಾಗ ನಮ್ಮೂರಿನ ದರ್ಜಿ ಎರಡು ತೋಳಿಗೂ ಬೇರೆ ಬೇರೆ ಅಳತೆ ತೆಗೆದುಕೊಳ್ಳುತ್ತಿದ್ದ. ಎಡಗೈ ಪೈಲ್ವಾನನದು, ಬಲಗೈ ಗುಮಾಸ್ತನದು. ಸಂತೆಯಲ್ಲಿ ಯಾರಾದರೂ ಮರುಕದಿಂದ, "ಬಲಗೈಗೆ ಏನಾಗೇತ್ರಿ?" ಎಂದು ಕೇಳಿದರೆ, "ಅದಕ್ಕೇನೂ ಆಗಿಲ್ರಿ, ಎಡಗೈಗೆ ಟೆನಿಸ್ ಆಗೇತಿ" ಎನ್ನುತ್ತಿದ್ದ. ಅದು ಯಾವುದೋ ಹೊಸ ರೋಗವಿರಬೇಕೆಂದು ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಅಪ್ಪನ ಅರಿವೆ ಅಂಗಡಿ. ಗೋಡೆಗೆ ಗೋಡೆ ಹಚ್ಚಿ ನಮ್ಮ ಸೀರೆ ಅಂಗಡಿ. ಸಾಲಿ ಕಲಿಯಲೆಂದು ಧಾರವಾಡದ ಸೋದರಮಾವನ ಮನೆಗೆ ಕಳಿಸಿದರೆ ಇವನು ಓದು ಬಿಟ್ಟು ಓಣಿಯ ಕ್ಲಬ್ಬಿನಲ್ಲಿ ಟೆನಿಸ್ ಕಲಿತ. ಅಲ್ಲಿ ಸಿಕ್ಕವನು ಕೊಣ್ಣೂರಿನ ಇಮಾಮ. ಅವನ ಅಪ್ಪ ಅದೇ ಕ್ಲಬ್ಬಿನ ಮಣ್ಣಿನ ಅಂಗಳಕ್ಕೆ ನೀರು ಹೊಡೆದು ಸುಣ್ಣದ ಗೆರೆ ಎಳೆಯುವ ಕೆಲಸದಲ್ಲಿದ್ದ. ಈ ಇಬ್ಬರೂ ಒಬ್ಬೊಬ್ಬರೇ ಆಡಿದರೆ ಮೊದಲ ಸುತ್ತಿಗೇ ಮನೆಗೆ ಬರುವ ಆಸಾಮಿಗಳು. ಜೋಡಿಯಾಗಿ ನಿಂತರೆ ಮಾತ್ರ ಅವರನ್ನು ಅಲುಗಾಡಿಸುವುದು ಕಷ್ಟವಿತ್ತು. ಹಾಗಾಗಿ ಡಬಲ್ಸನ್ನೇ ಹೊಟ್ಟೆಪಾಡು ಮಾಡಿಕೊಂಡರು.

ಅದೇನೂ ಮೆರೆಯುವ ಬದುಕಲ್ಲ. ಟಿ.ವಿ.ಯಲ್ಲಿ ಕಾಣುವ ಟೆನಿಸ್ ಮೇಲಿನ ಮಾಳಿಗೆಯದಾದರೆ ಇವರದು ನೆಲಮಾಳಿಗೆಯದು. ಈಜಿಪ್ತ್, ಥಾಯ್ಲೆಂಡ್, ಉಜ್ಬೆಕಿಸ್ತಾನದ ಯಾವ್ಯಾವುದೋ ಊರು. ಗ್ಯಾಲರಿಯಲ್ಲಿ ಎದುರಾಳಿಗಳ ತಾಯಂದಿರು, ಒಂದೆರಡು ಬೆಕ್ಕು. ಇಬ್ಬರಿಗೂ ಸೇರಿ ಒಂದೇ ಕೋಣೆ, ಇಮಾಮನ ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬೇರೆ ಜೋಡಿಗಳು ಚೆಂಡನ್ನು ಬಾಯಿಗೆ ಅಡ್ಡ ಹಿಡಿದು ಗುಸುಗುಸು ಮಾಡಿ ಉಪಾಯ ಹೂಡುತ್ತವೆ. ಇವರು ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಹಾಗೆ ಕೂಗಿಯೇ ಹೇಳುತ್ತಿದ್ದರು. "ಎಡಕ್ಕ ಒಗಿತೇನಿ, ಸಾವಕಾರ್ರ, ನೀವು ಮುಂದ ಹೋಗಿ ನಿಂದರ್ರಿ" ಎಂದು ಇಮಾಮ ಒದರಿದರೆ ಕೈರೋದಲ್ಲಿ ಯಾರಿಗೆ ತಿಳಿಯಬೇಕು?

ಗುರುಪಾದನನ್ನು ಅವನು ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ. 'ಸಾವಕಾರ್ರ' ಎಂದೇ ಕರೆದ. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ನಿಜವಾದ ಮರ್ಯಾದೆ. ಆ ಮರ್ಯಾದೆಯೇ ಒಂದು ದಿನ ಇಬ್ಬರನ್ನೂ ಕೆಡಿಸಿತು.

ಗುರುಪಾದ ಎಡಚ, ನಿಲ್ಲುವುದು ಬಲಕ್ಕೆ. ಇಮಾಮ ಬಲಗೈಯವನು, ನಿಲ್ಲುವುದು ಎಡಕ್ಕೆ. ಹೀಗೆ ನಿಂತರೆ ಇಬ್ಬರ ಜೋರಿನ ಕೈಯೂ ನಡುವಿಗೆ ಬರುತ್ತದೆ. ಅಲ್ಲಿ ಬಂದ ಚೆಂಡನ್ನು ಇಬ್ಬರೂ ಹೊಡೆಯಬಲ್ಲರು. ಅದಕ್ಕೇ ಕೂಗಬೇಕು: "ನಂದು" ಎಂದವನು ಹೊಡೆಯಬೇಕು, ಇನ್ನೊಬ್ಬ ಸರಿಯಬೇಕು. ಗೆದ್ದರೆ ಮೇಲಿನ ದರ್ಜೆಯ ಪಂದ್ಯಗಳ ಬಾಗಿಲು ತೆರೆಯುತ್ತಿದ್ದ ಒಂದು ಫೈನಲ್ಲಿನಲ್ಲಿ, ಆ ಪಾಯಿಂಟ್ ಹೋದರೆ ಪಂದ್ಯವೇ ಹೋಯಿತು ಎನ್ನುವಾಗ, ಎದುರಿನವನು ಗಾಬರಿಯಲ್ಲಿ ಚೆಂಡನ್ನು ಮೆಲ್ಲಗೆ ನಡುವಿಗೆ ಎತ್ತಿದ.

"ಹಂತಾ ಮಂದ ಬಾಲ್ ನೀನೂ ಹೊಡೀತಿದ್ದಿ" ಎಂದು ಊರಿಗೆ ಬಂದ ಮೇಲೊಮ್ಮೆ ನನ್ನ ಹೊಟ್ಟೆ ನೋಡಿ ಹೇಳಿದ್ದ ಗುರುಪಾದ. "ಪಂದ್ಯ ಉಳಸೂ ಹೊಡತ ಸಾವಕಾರ್ರದಾಗಲಿ ಅಂತ ಅಂವ ಬಿಟ್ಟ. ಇಷ್ಟ ದಿನ ದುಡದಾನ, ಅಂವ ಹೊಡೀಲಿ ಅಂತ ನಾ ಬಿಟ್ಟೆ. ಬಾಯಿ ಒಬ್ಬರೂ ತಗೀಲಿಲ್ಲ."

ಚೆಂಡು ಇಬ್ಬರ ನಡುವೆ ಪುಟಿದು ಹಿಂದಿನ ಗೋಡೆಗೆ ಹೋಗಿ ನಿಂತಿತು. ಅವತ್ತು ಕೋಣೆಯಲ್ಲಿ ರೊಟ್ಟಿಯ ಗಂಟನ್ನು ಯಾರೂ ಬಿಚ್ಚಲಿಲ್ಲ. ಮುಂಬೈಯಲ್ಲಿ ವಿಮಾನ ಇಳಿದು ಮಾತಿಲ್ಲದೆ ಅಗಲಿದರು. ಇಮಾಮನ ಮುಖ ನೋಡಲಾರದೆ ಗುರುಪಾದ ಮುಂದಿನ ಪಂದ್ಯಗಳಿಗೆ ಬೇರೆಯವನ ಜೊತೆ ಹೆಸರು ಕೊಟ್ಟ. ಅದನ್ನು ಇಮಾಮನಿಗೆ ತಿಳಿಸಲು ಫೋನ್ ಕೈಗೆತ್ತಿಕೊಂಡು, ನಾಳೆ ಮಾಡಿದರಾಯಿತೆಂದು ಇಡುತ್ತಿದ್ದನಂತೆ. ಥಾಯ್ಲೆಂಡಿನಲ್ಲಿದ್ದಾಗ ಊರಿನಿಂದಲೇ ಫೋನ್ ಬಂತು. ಇಮಾಮನಿಗೆ ಹತ್ತಿದ ಜ್ವರ ತಲೆಗೇರಿ, ದವಾಖಾನೆಯಲ್ಲಿ ಕಣ್ಣು ಮುಚ್ಚಿದ್ದ.

ಅಲ್ಲಿಂದ ಗುರುಪಾದನ ಆಟ ಹಾಳಾಯಿತು. ಯಾರ ಜೊತೆ ನಿಂತರೂ, ನಡುವೆ ಚೆಂಡು ಬಂದಾಗಲೆಲ್ಲ ಎಡಗಡೆಯಿಂದ, "ನಿಮ್ಮದ್ರಿ ಸಾವಕಾರ್ರ" ಎಂಬ ದನಿ. ಕೇಳಿ ನುಗ್ಗಿದರೆ ಹೊಸ ಜೊತೆಗಾರನ ರ್‍ಯಾಕೆಟ್ಟಿಗೆ ಢಿಕ್ಕಿ. ಕೇಳದ ಹಾಗಿದ್ದರೆ ಚೆಂಡು ಹೋಯಿತು. ಜೊತೆಗಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಊರಿಗೆ ಬಂದು ಅಪ್ಪನ ಅಂಗಡಿಯ ಗಲ್ಲೆಯ ಮೇಲೆ ಕೂತ.

ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನೆಟ್ ಕಟ್ಟಿ, ಸಂಜೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಎದುರಿಗೆ ನರೇಗಲ್ಲಿನಿಂದ ಬರುತ್ತಿದ್ದ ಇಬ್ಬರು ಪಿ.ಟಿ. ಮಾಸ್ತರರು. ನಾನು ಆಡುವುದೆಂದರೆ ಗೋಣಿಚೀಲ ಓಡಿದ ಹಾಗೆ, ಆದರೂ ಅವನು ಬೈದವನಲ್ಲ. ಒಂದು ಸಂಜೆ ಚೆಂಡು ನಡುವೆ ಬಂತು. ನಾನು ಎಲ್ಲ ಕಸುವು ಹಾಕಿ ನುಗ್ಗಿದೆ. "ಬಾಜೂ ಸರಿ, ಅಂವ ಬರ್ತಾನ" ಎಂದ ಗುರುಪಾದ, ತೀರ ಸಹಜವಾಗಿ. ಅವನ ಕಣ್ಣು ನನ್ನನ್ನು ದಾಟಿ ಯಾರಿಗೋ ದಾರಿ ಬಿಡುತ್ತಿತ್ತು. ಮಾಸ್ತರರು ಮುಂದಿನ ವಾರ ಏನೋ ನೆವ ಹೇಳಿ ಬರಲಿಲ್ಲ.

"ಅಂವ ನನ್ನ ಮ್ಯಾಲ ಸಿಟ್ಟ ಇಟ್ಕೊಂಡ ಹ್ವಾದ್ನೇನು? ಅದೊಂದ ಖರೇ ತಿಳೀಬೇಕು ನೋಡು" ಎಂದು ಅವತ್ತು ಹೇಳಿದ. ಹಾಗಿದ್ದರೆ ಅವನ ಮನೆಗೇ ಹೋಗಿ ಕೇಳಿಬಿಡೋಣವೆಂದು ನಾನೇ ಅವನನ್ನು ಗಾಡಿಯ ಮೇಲೆ ಕೂರಿಸಿಕೊಂಡು ರೋಣ, ನರಗುಂದ ದಾಟಿ ಕೊಣ್ಣೂರಿಗೆ ಹೋದೆ.

ಇಮಾಮನ ಹೆಂಡತಿ ಮೆಹಬೂಬಿ ಅಂಗಳದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಳು. ಗುರುತು ಹಿಡಿದು ಚಾ ಕೊಟ್ಟಳು. ಗುರುಪಾದ ಚಾ ಕುಡಿದು ಕಪ್ಪು ಕೆಳಗಿಟ್ಟು, "ಆ ಫೈನಲ್ ಆಡಿ ಬಂದಾಗ ಇಮಾಮ ಏನಂದನ್ರಿ?" ಎಂದು ಕೇಳಿದ.

"ಏನ್ ಅಂತಾರ್ರಿ? ಸೋತ್ವಿ ಅಂದ್ರು. ಉಂಡ್ರು, ಮಕ್ಕೊಂಡ್ರು."

"ಕಡೀ ಬಾಲಿನ ಸುದ್ದಿ?"

"ಯಾವ ಬಾಲ್ರಿ?" ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲ. ಕೈಯಲ್ಲಿನ ಉಳ್ಳಾಗಡ್ಡಿ ಬದಿಗಿಟ್ಟು ನೆನಪು ಮಾಡಿಕೊಂಡಳು. "ಒಂದ ಮಾತ ಹೇಳ್ತಿದ್ರು. ನಾ ಅರಿವಿ ಒಗ್ಯಾಕ ಬ್ಯಾಗ್ ತಗದ್ರ, ಬಿಚ್ಚಬ್ಯಾಡ, ಸಾವಕಾರ್ರ ಫೋನ್ ಬರೂದೈತಿ ಅಂತಿದ್ರು. ಜ್ವರದಾಗೂ ಅದನ್ನ ಅಂದ್ರು."

ಗುರುಪಾದ ಎದ್ದು ಕೈ ಮುಗಿದ. ನರಗುಂದದ ಬಸ್‌ಸ್ಟ್ಯಾಂಡ್ ಬಂದಾಗ ನಿಲ್ಲಿಸು ಎಂದು ಇಳಿದುಕೊಂಡು, "ಅಂವ ಸಿಟ್ಟಾಗಿದ್ರ ಚಲೋ ಆಗ್ತಿತ್ತು" ಎಂದ. ತಾನು ಬಸ್ಸಿಗೆ ಬರುತ್ತೇನೆಂದ. ನಾನು ನಂಬಿ ಬಂದುಬಿಟ್ಟೆ. ಅವನು ಬರಲಿಲ್ಲ.

ಕೊಯಮತ್ತೂರಿನ ಕಡೆ ಎಲ್ಲೋ ಮಕ್ಕಳಿಗೆ ಟೆನಿಸ್ ಕಲಿಸುತ್ತಾನೆಂದು ಅವನ ಅಪ್ಪನಿಂದ ತಿಳಿಯಿತು. ಅಲ್ಲಿಗೆ ಹೋಗಿಬಂದ ಆ ಪಿ.ಟಿ. ಮಾಸ್ತರರಲ್ಲೊಬ್ಬರು ಹೇಳಿದರು: ಮಕ್ಕಳು ಎಷ್ಟು ಗೋಗರೆದರೂ ನೆಟ್ಟಿನ ಒಂದು ಮಗ್ಗುಲಿಗೆ ಇಬ್ಬರನ್ನು ನಿಲ್ಲಗೊಡುವುದಿಲ್ಲವಂತೆ. ಒಬ್ಬೊಬ್ಬರೇ ಆಡುವ ಆಟವನ್ನಷ್ಟೇ ಕಲಿಸುತ್ತಾನಂತೆ.